ಕಿಚಡಿ ಓಣಿಯ ಫ್ರೆಂಚ್

ಬನಹಟ್ಟಿ ಮುಗಿದು ರಬಕವಿ ಶುರುವಾಗುವ ಮೊದಲು ಒಂದು ಓಣಿಯಿತ್ತು. ಎರಡೂ ಊರಿನವರು ಅದನ್ನು ತಮ್ಮದಲ್ಲ ಎನ್ನುತ್ತಿದ್ದರು. ನಾನು ಬೆಳೆದದ್ದು ಅಲ್ಲಿ. ವಿದ್ಯುತ್ ಮಗ್ಗಗಳು ಬಂದ ಮೇಲೆ ಕೆಲಸ ಹುಡುಕಿಕೊಂಡು ಬಂದವರೆಲ್ಲ ಅಲ್ಲಿಯೇ ಮನೆ ಹೂಡಿದ್ದರು. ಸೊಲ್ಲಾಪುರದ ಕಡೆಯಿಂದ ಬಂದ ತೆಲುಗು ಮಾತಿನ ನೇಕಾರರು, ಇಚಲಕರಂಜಿ ಬಿಟ್ಟು ಬಂದ ಮರಾಠಿಯವರು, ಮನೆಯಲ್ಲಿ ಉರ್ದು ಆಡುತ್ತಿದ್ದ ಬಣ್ಣಗಾರರು, ಕಿರಾಣಿ ಅಂಗಡಿಯ ಮಾರವಾಡಿ, ಇವರ ನಡುವೆ ನಮ್ಮಂಥ ಕೆಲವು ಕನ್ನಡದ ಮನೆಗಳು. ನಮ್ಮವ್ವ ಬೀಳಗಿ ಕಡೆಯವಳು. ಮದುವೆಯಾಗಿ ಬಂದಾಗ ಅವಳಿಗೆ ಕನ್ನಡವೊಂದೇ ಬರುತ್ತಿತ್ತಂತೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವಳು ತೆಲುಗಿನಲ್ಲಿ ಜಗಳವಾಡಿ, ಮರಾಠಿಯಲ್ಲಿ ರಾಜಿಯಾಗಿ, ಉರ್ದುವಿನಲ್ಲಿ ಸಕ್ಕರೆ ಕೇಳಿ ತರುತ್ತಿದ್ದಳು.

ಪ್ಯಾಟಿಯವರು ನಮ್ಮನ್ನು 'ಕಿಚಡಿ ಓಣಿ' ಎಂದು ಹಂಗಿಸುತ್ತಿದ್ದರು. ಸಾಲಿಯಲ್ಲಿ ಹಾಜರಿ ಕರೆಯುವಾಗಲೂ ಯಾರಾದರೊಬ್ಬ ಹಿಂದಿನಿಂದ 'ಕಿಚಡಿ' ಎಂದು ಕೂಗುತ್ತಿದ್ದ. ನಮ್ಮ ಪಕ್ಕದ ಮನೆಯಲ್ಲಿ ನೂಲಿಗೆ ಬಣ್ಣ ಹಾಕುವ ಚಾಚಾ ಇದ್ದರು. ಒಂದು ದಿನ ಅವರು ಹಳೆಯ ಡಬ್ಬಿಯ ತಗಡನ್ನು ಬಡಿದು ನೆಟ್ಟಗೆ ಮಾಡಿ, ಅದರ ಮೇಲೆ ಕೆಂಪು ಬಣ್ಣದಲ್ಲಿ 'ಕಿಚಡಿ ಓಣಿ' ಎಂದು ಬರೆದು, ಓಣಿಯ ಬಾಯಿಯಲ್ಲಿದ್ದ ಬೇವಿನ ಮರಕ್ಕೆ ಮೊಳೆ ಹೊಡೆದು ತೂಗುಹಾಕಿದರು.

"ಚಾಚಾ, ಅವರು ನಮ್ಮನ್ನ ಬೈಯೂ ಹೆಸರಲ್ಲೇನ್ರಿ ಅದು?" ಎಂದು ನಾನು ಕೇಳಿದೆ.

"ಹೌದು. ಈಗ ನಾವ ಬರದು ಹಾಕೇವಿ. ಇನ್ನ ಏನಂತ ಬೈತಾರೋ ಬೈಲಿ, ನೋಡೂಣು" ಎಂದರು.

ನಿಜ ಹೇಳಬೇಕೆಂದರೆ, ಆಮೇಲೆ ಆ ಬೈಗುಳಕ್ಕೆ ರುಚಿಯೇ ಉಳಿಯಲಿಲ್ಲ.

ಎಪ್ಪತ್ತರ ದಶಕದ ಶುರುವಿನಲ್ಲಿ, ನಾನು ಹೈಸ್ಕೂಲು ಓದುವ ಹುಡುಗಿಯಾಗಿದ್ದಾಗ, ನಮ್ಮ ಎದುರು ಮನೆಗೆ ಗಂಡ ಹೆಂಡತಿ ಬಂದರು. ಗಂಡ ಪಾಂಡಿಚೇರಿಯ ಗಿರಣಿಯೊಂದರಲ್ಲಿ ಮಗ್ಗ ರಿಪೇರಿ ಕಲಿತ ಮಿಸ್ತ್ರಿ. ನಮ್ಮೂರಿನ ಸಾವುಕಾರರೊಬ್ಬರು ಅವನನ್ನು ಕರೆಸಿಕೊಂಡಿದ್ದರು. ಅವನದು ಮಾತು ಕಡಿಮೆ. ಹೆಂಡತಿಯ ಬಗ್ಗೆ ಹಾಗೆ ಹೇಳುವಂತಿರಲಿಲ್ಲ. ನಲವತ್ತು ದಾಟಿದ, ಎತ್ತರದ, ಕಪ್ಪಗಿನ ಹೆಂಗಸು, ಮಕ್ಕಳಿಲ್ಲ. ಬಂದ ಎರಡನೆಯ ದಿನ ಅವಳು ನಳದ ಪಾಳಿಯಲ್ಲಿ ಕೊಡ ಇಟ್ಟು ನಿಂತಿದ್ದಳು. ಯಾರೋ ಆ ಕೊಡವನ್ನು ಕಾಲಿನಿಂದ ಹಿಂದಕ್ಕೆ ಸರಿಸಿದರು. ಅವಳ ಬಾಯಿಂದ ಏನೇನೋ ಹೊರಟಿತು. ಕನ್ನಡ, ತೆಲುಗು, ಮರಾಠಿ, ಉರ್ದು, ತಮಿಳು ಯಾವುದೂ ಅಲ್ಲ. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು "ಸಾ ಸುಫಿ!" ಎಂದು ಕೂಗಿದಳು.

ಆ ದಾರಿಯಲ್ಲಿ ಹೊರಟಿದ್ದ ಚಾಚಾ ನಿಂತರು. "ಸೂಫಿ? ಯಾವ ಸೂಫಿ ಸಂತರ ಹೆಸರು ತಗೊಂಡಳಾಕಿ?"

"ಸಂತರ ಹೆಸರಲ್ಲ ಅದು" ಎಂದಳು ಅವ್ವ. "ಸಾಕು ಅಂತ ಬೈದಂಗೈತಿ. ಆಕಿ ಮುಖಾ ನೋಡ್ರಿ ತಿಳೀತೈತಿ." ಹಾಗೆಂದು ತನ್ನ ಕೊಡ ಹಿಂದೆ ತೆಗೆದು ಅವಳಿಗೆ ಜಾಗ ಬಿಟ್ಟಳು.

ಅವ್ವನ ಊಹೆ ಸರಿಯಾಗಿತ್ತು. ಅದು ಫ್ರೆಂಚ್. 'ಸಾಕು' ಎಂದೇ ಅದರ ಅರ್ಥ. ಕೆಲವೇ ದಿನಗಳಲ್ಲಿ ನಮ್ಮ ಓಣಿಯ ಮಕ್ಕಳು ಒಬ್ಬರ ಜುಟ್ಟು ಒಬ್ಬರು ಹಿಡಿದಾಗಲೂ "ಸಾ ಸುಫಿ" ಎನ್ನತೊಡಗಿದರು. ಆಕೆ ಎಲ್ಲರಿಗೂ ಚಿಕ್ಕಮ್ಮನಂತೆ ಪಾಂಡಿಚೇರಿ ಕಾಕು ಆದಳು.

ಸಾಲಿ ಬಿಟ್ಟ ಮೇಲೆ ನಾನು ಅವರ ಪಡಸಾಲೆಯಲ್ಲಿ ಕೂತು ರಾಟಿಯಲ್ಲಿ, ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಕಾಕು ಕನ್ನಡ ಕಲಿಯುತ್ತಿದ್ದಳು, ನನ್ನಿಂದ. ನಾನು ಫ್ರೆಂಚ್ ಕಲಿಯುತ್ತಿದ್ದೆ, ಅವಳಿಂದ. ಇಬ್ಬರ ನಡುವೆ ಕರಾರು ಏನೂ ಇರಲಿಲ್ಲ. ಅವಳು ನೂಲಿಗೆ, ನೀರಿಗೆ, ಉಪ್ಪಿಗೆ, ಸಿಟ್ಟಿಗೆ ಒಂದೊಂದು ಪದ ಹೇಳುವಳು. ನಾನು ಅದಕ್ಕೆ ನಮ್ಮ ಪದ ಕೊಡುವೆ.

"ಕಾಕೂ, ನೀ ಫ್ರಾನ್ಸಿಗೆ ಹೋಗಿದ್ದ್ಯಾ?" ಎಂದು ಒಮ್ಮೆ ಕೇಳಿದೆ.

"ನಾ ಯಾಕ ಹೋಗ್ಲಿ? ಅವರ ಬಂದಿದ್ರಲ್ಲ, ನಮ್ಮ ಮನೀ ತನಕ."

ಅವಳು ಹುಟ್ಟಿದ್ದು ವಿಯೆಟ್ನಾಮಿನ ಸೈಗಾನಿನಲ್ಲಿ. ಪಾಂಡಿಚೇರಿಯಂತೆ ಆ ಊರೂ ಆಗ ಫ್ರೆಂಚರ ಕೈಯಲ್ಲಿತ್ತು. ಅವಳ ಅಪ್ಪ ಪಾಂಡಿಚೇರಿಯಿಂದ ಹೋಗಿ ಅಲ್ಲಿಯ ಬಂದರಿನಲ್ಲಿ ಕಾರಕೂನನಾಗಿದ್ದ. ಸಾಲಿಯಲ್ಲಿ ಅವಳ ಪಕ್ಕಕ್ಕೆ ವಿಯೆಟ್ನಾಮಿ ಹುಡುಗಿ, ಹಿಂದೆ ಆಫ್ರಿಕಾದ ಸೆನೆಗಾಲಿನಿಂದ ಬಂದ ಸಿಪಾಯಿಯ ಮಗಳು, ಮುಂದೆ ಫ್ರಾನ್ಸಿನ ಯಾವುದೋ ದ್ವೀಪದ ಪೊಲೀಸನ ಮಗಳು. ಎಲ್ಲರ ಬಾಯಲ್ಲೂ ಫ್ರೆಂಚ್, ಒಬ್ಬರದು ಇನ್ನೊಬ್ಬರಂತಿಲ್ಲ. ಕಲಿಸುವ ಸನ್ಯಾಸಿನಿಯ ಕೈಯಲ್ಲಿ ಫೂಟಪಟ್ಟಿ. ತಮಿಳಿನ ಒಂದು ಮಾತು ಬಾಯಿ ತಪ್ಪಿ ಬಂದರೆ ಬೆರಳಿನ ಗೆಣ್ಣುಗಳ ಮೇಲೆ ಏಟು.

"ಅಷ್ಟು ಹೊಡದ್ರೂ ಈ ಭಾಷಾ ಯಾಕ ಇಟಗೊಂಡಿ ಕಾಕೂ? ನಾನಾಗಿದ್ರ ಮರತು ಬಿಡ್ತಿದ್ದೆ" ಎಂದೆ.

ಕಾಕು ನನ್ನ ರಾಟಿಯನ್ನು ಹಿಡಿದು ನಿಲ್ಲಿಸಿದಳು. "ಯಾಕ ಮರೀಲಿ? ಬಡಿಸ್ಕೊಂಡು ಗಳಿಸೇನಿ. ಅವರು ಹಡಗು ಹತ್ತಿ ಹೋದ್ರು. ಭಾಷಾ ಒಯ್ಯಲಿಲ್ಲ, ಬಿಟ್ಟು ಹೋದ್ರು. ಇನ್ನ ಅದು ಅವರದಲ್ಲ. ನಂದು. ತಮಿಳೂ ನಂದ, ಇದೂ ನಂದ. ನಿನ್ನ ಕನ್ನಡನೂ ನಂದ ಮಾಡ್ಕೊಂತೇನಿ, ನೋಡ್ತಿರು."

ಮಾಡಿಕೊಂಡಳು ಕೂಡ. 'ಳ' ಮಾತ್ರ ಕೊನೆಯವರೆಗೂ ತಮಿಳಿನದ್ದೇ ಆಗಿತ್ತು.

ಚಾಚಾ ಬಣ್ಣ ತರಲು ಮುಂಬಯಿಗೆ ಹೋದಾಗ ಫುಟ್‌ಪಾತಿನಿಂದ ನನಗಾಗಿ ಒಂದು ಹಳೆಯ ಫ್ರೆಂಚ್ ವ್ಯಾಕರಣ ತಂದರು. ರಟ್ಟು ಹರಿದಿತ್ತು. ಜಮಖಂಡಿಯ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಅದನ್ನು ಓದುತ್ತಿದ್ದೆ. ಅಪ್ಪನಿಗೆ ಇದೇನೂ ಸೇರುತ್ತಿರಲಿಲ್ಲ. ಅಪ್ಪ ಒಳ್ಳೆಯ ಮನುಷ್ಯ, ಆದರೆ ಉಪಯೋಗವಿಲ್ಲದ ವಸ್ತು ಮನೆಯಲ್ಲಿದ್ದರೆ ನಿದ್ದೆ ಬರುತ್ತಿರಲಿಲ್ಲ.

"ಇಂಗ್ಲಿಷ್ ಕಲಿ, ನೌಕರಿ ಸಿಗ್ತೈತಿ. ಹಿಂದಿ ಕಲಿ. ಫ್ರೆಂಚ್ ಕಲತು ಯಾರ ಜೋಡಿ ಮಾತಾಡ್ತಿ?" ಎಂದು ಊಟಕ್ಕೆ ಕೂತಾಗ ಕೇಳಿದ.

"ಎದುರು ಮನಿ ಜೋಡಿ ಮಾತಾಡ್ತಾಳ" ಎಂದಳು ಅವ್ವ, ರೊಟ್ಟಿ ಬಡಿಯುತ್ತ. "ನಾ ತೆಲುಗು ಕಲತಿದ್ದು ಯಾತಕ್ಕ? ದೇಶಾ ಆಳಾಕ?"

ಅಪ್ಪ ಗುರೆಳ್ಳ ಚಟ್ನಿಯನ್ನು ಹತ್ತಿರಕ್ಕೆ ಎಳೆದುಕೊಂಡ.

ಬಿ.ಎ. ಮುಗಿಯುವ ಹೊತ್ತಿಗೆ, ದೂರದ ಶಹರಿನ ಸಂಸ್ಥೆಯೊಂದು ಹೊರಗಿನ ವಿದ್ಯಾರ್ಥಿಗಳಿಗೂ ಫ್ರೆಂಚ್ ಪರೀಕ್ಷೆ ನಡೆಸುತ್ತದೆ ಎಂದು ತಿಳಿಯಿತು. ಹಟ ಮಾಡಿ ಕಟ್ಟಿದೆ. ಅಪ್ಪನೇ ಜೊತೆಗೆ ಬಂದ. ಕುಡಚಿ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಲಿಖಿತ ಪರೀಕ್ಷೆ ಚೆನ್ನಾಗಿಯೇ ಆಯಿತು. ಮರುದಿನ ಮೌಖಿಕ.

ಪರೀಕ್ಷಕರು ಪ್ಯಾರಿಸ್ಸಿನಲ್ಲಿ ಓದಿ ಬಂದವರು ಎಂದು ಹೊರಗೆ ಎಲ್ಲರೂ ಪಿಸುಗುಡುತ್ತಿದ್ದರು. ನನ್ನ ಊರು, ಮನೆ, ಓದಿನ ಬಗ್ಗೆ ಫ್ರೆಂಚಿನಲ್ಲಿ ಹೇಳು ಎಂದರು. ಹೇಳತೊಡಗಿದೆ. ಕೆಲವು ವಾಕ್ಯ ಆಗುವಷ್ಟರಲ್ಲಿ ಅವರು ಪೆನ್ನನ್ನು ಮೇಜಿನ ಮೇಲಿಟ್ಟು ಕನ್ನಡಕ್ಕೆ ತಿರುಗಿದರು. ಮೈಸೂರಿನ ಕಡೆಯ, ನಯವಾದ ಕನ್ನಡ.

"ಏನಮ್ಮಾ ಇದು? ಯಾರು ಕಲಿಸಿದ್ದು ನಿಮಗೆ? 'ರ'ಕಾರವನ್ನು ನಾಲಿಗೆಯ ತುದಿಯಲ್ಲಿ ಹೊರಳಿಸುತ್ತಿದ್ದೀರಿ. ಅದು ಗಂಟಲಿನಿಂದ ಬರಬೇಕು. ಇದು ಬಂದರುಗಳಲ್ಲಿ ಹಮಾಲರು ಆಡುವ ಫ್ರೆಂಚು."

"ನಮ್ಮ ಎದುರು ಮನೀ ಕಾಕು ಕಲಿಸ್ಯಾಳ್ರಿ. ಆಕಿ ಸೈಗಾನದಾಗ ಹುಟ್ಯಾಳ್ರಿ. ಅಲ್ಲಿ ಹಿಂಗ ಮಾತಾಡ್ತಾರ್ರಿ."

ಅವರು ನಕ್ಕರು. "ನಿಮ್ಮ ಕನ್ನಡವೂ ಹೀಗೇ ಏನು? ನೋಡಿ, ಈ ಉಚ್ಚಾರಣೆ ಇಟ್ಟುಕೊಂಡು ಪ್ಯಾರಿಸ್ಸಿಗೆ ಹೋದರೆ ಒಬ್ಬರಿಗೂ ಅರ್ಥವಾಗುವುದಿಲ್ಲ."

ಕಾಲೇಜಿನಲ್ಲಿ 'ಮನಿ' ಅಂದರೆ 'ಮನೆ' ಎಂದು ತಿದ್ದಿಸಿಕೊಂಡದ್ದು, 'ಹೊಂಟೇನಿ' ಅಂದರೆ ಕೆಲವರು ತುಟಿ ಮುಚ್ಚಿ ನಕ್ಕದ್ದು ಎಲ್ಲ ಒಟ್ಟಿಗೆ ತಲೆಗೇರಿತು.

"ನಿಮಗ ಅರ್ಥ ಆತಲ್ಲರಿ, ಸರ?" ಎಂದೆ.

ಅವರು ಪೆನ್ನು ಎತ್ತಿಕೊಂಡರು. "ನೀವಿನ್ನು ಹೋಗಬಹುದು."

ಮೌಖಿಕದಲ್ಲಿ ಫೇಲಾದೆ. ಫಲಿತಾಂಶ ಬಂದ ದಿನ ನಾನು ಎದುರು ಮನೆಗೆ ಹೋಗಿ ನಡೆದದ್ದನ್ನೆಲ್ಲ ಕಾಕುವಿಗೆ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಎದ್ದು ನಿಂತಳು.

"ಗಂಟಲಿನ 'ರ' ನನಗ ಬರಂಗಿಲ್ಲ ಅನ್ಕೊಂಡ್ಯೇನು?" ಎಂದು, ಉಗುಳುವ ಹಾಗೆ ಆ ದನಿಯನ್ನು ಹೊರಡಿಸಿ ತೋರಿಸಿದಳು. "ಸನ್ಯಾಸಿನಿ ಅದನ್ನೂ ಬಡದು ಕಲಿಸಿದ್ಲು. ಸಾಲಿ ಬಿಟ್ಟ ದಿನ ನಾನೂ ಅದನ್ನ ಬಿಟ್ಟೆ. ನನ್ನ ನಾಲಿಗಿ ನನ್ನ ಬಾಯಾಗ ಐತಿ. ಬ್ಯಾರೇದವರ ಗಂಟಲಾ ನನಗ್ಯಾಕ? ಮುಂದಿನ ವರ್ಷ ಮತ್ತ ಹೋಗು."

"ಮತ್ತ ಫೇಲ್ ಮಾಡ್ತಾರ."

"ಮಾಡ್ಲಿ. ನಾನೂ ಬರ್ತೇನಿ."

ನನ್ನ ಜೊತೆಗೆ ಊರು ನೋಡಲು ಬರುತ್ತಾಳೆ ಅಂದುಕೊಂಡಿದ್ದೆ. ಮರುವರ್ಷ ನೋಡಿದರೆ ಅವಳೂ ಪರೀಕ್ಷೆಗೆ ಕಟ್ಟಿದ್ದಳು. ಓಣಿಯಲ್ಲಿ ನಗೆಯೋ ನಗೆ. ಐವತ್ತರ ಹತ್ತಿರ ಬಂದ ಹೆಂಗಸು ಪರೀಕ್ಷೆಗೆ ಕೂಡುವುದೆಂದರೆ! ಮಿಸ್ತ್ರಿ ಮಾತ್ರ ನಗಲಿಲ್ಲ. ಅವಳ ಚಪ್ಪಲಿಯ ಹರಿದ ಪಟ್ಟಿಗೆ ಮಗ್ಗದ ಬೆಲ್ಟಿನ ತುಂಡು ಹಚ್ಚಿ ಹೊಲಿದು ಕೊಟ್ಟ. ಅವನ ಮಾತೆಲ್ಲ ಹೀಗೆ ಕೈಯಲ್ಲೇ ಇರುತ್ತಿತ್ತು.

ಈ ಸಲ ಮೌಖಿಕಕ್ಕೆ ಇಬ್ಬರು ಪರೀಕ್ಷಕರು. ಹೋದ ವರ್ಷದವರು ಒಬ್ಬರು, ಅವರ ಪಕ್ಕದಲ್ಲಿ ಬೆಳ್ಳಗಿನ ಕೂದಲಿನ ವಯಸ್ಸಾದ ಹೆಂಗಸು. ಕಾಕು ನನಗಿಂತ ಮೊದಲು ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಬಾಗಿಲಿನ ಸಂದಿಯಿಂದ ಅವಳ ದನಿಯೊಂದೇ ಕೇಳುತ್ತಿತ್ತು. ನಡುನಡುವೆ ಗಂಡುದನಿಯೊಂದು ಶುರುವಾಗಿ ಅಲ್ಲೇ ನಿಂತುಹೋಗುತ್ತಿತ್ತು. ಕೊನೆಗೆ ಹೊರಗೆ ಬಂದಳು.

"ಏನ್ ಕೇಳಿದ್ರು ಕಾಕೂ?"

"ಸಣ್ಣಕಿದ್ದಾಗಿಂದು ಹೇಳಂದ್ರು. ಹೇಳಿದೆ. ಸಾಕು ನಿಲ್ಲಸ್ರಿ ಅಂದ್ರು. ನಿಲ್ಲಸಲಿಲ್ಲ."

ನನ್ನ ಪಾಳಿ ಬಂತು. ಹಳೆಯ ಪರೀಕ್ಷಕರು ಗುರುತು ಹಿಡಿದರು. ಒಂದು ವರ್ಷದಲ್ಲಿ ಉಚ್ಚಾರಣೆ ತಿದ್ದಿಕೊಂಡಿಲ್ಲವಲ್ಲ ಎಂದರು. ಇಲ್ಲ ಎಂದು ಫ್ರೆಂಚಿನಲ್ಲೇ ಹೇಳಿದೆ. ಯಾಕೆ ಎಂದರು. ನಮ್ಮ ಓಣಿಯಲ್ಲಿ ಯಾರೂ ಯಾರ ಉಚ್ಚಾರಣೆಯನ್ನೂ ತಿದ್ದುವುದಿಲ್ಲ, ಮಾತು ತಿಳಿಯದಿದ್ದರೆ ಇನ್ನೊಮ್ಮೆ ಕೇಳುತ್ತೇವೆ ಎಂದೆ. ಅಷ್ಟನ್ನು ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಒಂದೆರಡು ಕಡೆ ಕ್ರಿಯಾಪದ ಕೈಕೊಟ್ಟಿತು. ಬೆಳ್ಳಗಿನ ಕೂದಲಿನ ಹೆಂಗಸು ತಲೆ ತಗ್ಗಿಸಿ ಏನೋ ಬರೆದುಕೊಂಡಳು. "ಮುಂದುವರಿಸು" ಎಂದಳು. ಅವಳಿಗೆ ನಾನು ಇಷ್ಟವಾದೆನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ನಾನು ಪಾಸಾದೆ, ಅಂಚಿನ ಮೇಲೆ. ಕಾಕುವಿಗೆ ಮೌಖಿಕದಲ್ಲಿ ನನಗಿಂತ ಎಷ್ಟೋ ಹೆಚ್ಚು ಅಂಕ ಬಂದಿದ್ದವು. ಆದರೆ ಲಿಖಿತದಲ್ಲಿ ಫೇಲಾಗಿದ್ದಳು. ಸಣ್ಣ ವಯಸ್ಸಿನಲ್ಲೇ ಸಾಲಿ ಬಿಟ್ಟು, ಮನೆಯವರ ಜೊತೆ ಹಡಗು ಹತ್ತಿ ಪಾಂಡಿಚೇರಿಗೆ ಬಂದವಳು. ಬಾಯಲ್ಲಿ ಬಂದ ಹಾಗೆ ಬರೆದಿದ್ದಳು. ಫ್ರೆಂಚಿನಲ್ಲಿ ಬರೆಯುವ ಎಷ್ಟೋ ಅಕ್ಷರಗಳನ್ನು ಉಚ್ಚರಿಸುವುದಿಲ್ಲ. ಕಾಕು ಅವನ್ನೆಲ್ಲ ಬರೆಯುವ ಗೊಡವೆಗೇ ಹೋಗಿರಲಿಲ್ಲ.

"ಬಾಯಿ ಪಾಸು, ಕೈ ಫೇಲು!" ಎಂದು ನಳದ ಹತ್ತಿರ ತಾನೇ ಎಲ್ಲರಿಗೂ ಹೇಳಿದಳು. ಆಮೇಲೂ ಮತ್ತೆ ಕಟ್ಟಿದಳು, ಮತ್ತೆ ಫೇಲಾದಳು. "ಬಾಯಿ ತಗಿಯದ ಅಕ್ಷರಾ ಬರದು ಕಾಗದಾ ಯಾಕ ಹಾಳ ಮಾಡ್ಲಿ?" ಎನ್ನುತ್ತಿದ್ದಳು. ನಾನು ಕಾಗುಣಿತ ಹೇಳಿಕೊಡಲು ಕೂತರೆ ಎದ್ದು ಒಲೆಯ ಹತ್ತಿರ ಹೋಗಿಬಿಡುತ್ತಿದ್ದಳು.

ನನಗೆ ತೇರದಾಳದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನೌಕರಿ ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮದುವೆಯ ಮಾತು ಬಂದಾಗಲೆಲ್ಲ, ಓಣಿ ಬಿಟ್ಟು ಬರುವುದಿಲ್ಲ ಎಂಬ ನನ್ನ ಷರತ್ತು ಕೇಳಿ ಬಂದವರು ಎದ್ದು ಹೋದರು. ನನಗೇನೂ ಕೊರಗಿಲ್ಲ. ಸಂಜೆ ನಮ್ಮ ಕಟ್ಟೆಯ ಮೇಲೆ ಓಣಿಯ ಹುಡುಗಿಯರಿಗೆ ಫ್ರೆಂಚ್ ಹೇಳಿಕೊಡತೊಡಗಿದೆ. ಬಾಗಿಲಿಗೆ ಬೋರ್ಡು ಹಾಕಿದೆ. ಒಂದು ದಿನ ಪ್ಯಾಟಿಯ ಕೆಲವು ತರುಣರು ಬಂದರು. ಕನ್ನಡಕ್ಕಾಗಿ ಎಲ್ಲ ಕಡೆ ಮೆರವಣಿಗೆ ನಡೆಯುತ್ತಿದ್ದ ಕಾಲ ಅದು. ಮೆರವಣಿಗೆಗಳಲ್ಲಿ ನಾನೂ ನಡೆದಿದ್ದೆ.

"ಕನ್ನಡ ನಾಡಿನಾಗ ಫ್ರೆಂಚ್ ಯಾಕ್ರಿ ಅಕ್ಕಾರ?" ಎಂದ ಅವರಲ್ಲೊಬ್ಬ.

"ಬೋರ್ಡು ಯಾವ ಭಾಷಾದಾಗ ಐತಿ ಓದಪ್ಪಾ."

"ಕನ್ನಡದಾಗ."

"ಪಾಠಾನೂ ಕನ್ನಡದಾಗ ಹೇಳ್ತೇನಿ. ಇಂಗ್ಲಿಷಿನ ಕೈಕಾಲು ಹಿಡೀದ ನಮ್ಮ ಹುಡುಗ್ಯಾರು ಸೀದಾ ಕನ್ನಡದಿಂದ ಫ್ರೆಂಚಿಗೆ ಹೊಂಟಾರ. ಇದಕ್ಕಿಂತ ಕನ್ನಡದ ಕೆಲಸಾ ಯಾವುದೈತಿ ಹೇಳು."

ಅವ್ವ ಚುರಮುರಿ ಕೊಟ್ಟಳು, ತಿಂದು ಹೋದರು. ಅವರಲ್ಲೊಬ್ಬ ಆಮೇಲೆ ಕಲಿಯಲೆಂದು ಬಂದ. ಕ್ರಿಯಾಪದಗಳ ಹಾವಳಿ ತಾಳಲಾರದೆ ಕೆಲವೇ ದಿನಗಳಲ್ಲಿ ಬಿಟ್ಟ.

ಮಿಸ್ತ್ರಿ ತೀರಿಕೊಂಡ ಮರುವರ್ಷ, ಅಂದರೆ ತೊಂಬತ್ತರ ಸುಮಾರಿಗೆ, ಕಾಕುವಿನ ಅಣ್ಣನ ಮಗ ಫ್ರಾನ್ಸಿನಿಂದ ಬಂದ. ಪಾಂಡಿಚೇರಿಯ ಎಷ್ಟೋ ಜನರಂತೆ ಅವನ ಅಪ್ಪ ಫ್ರಾನ್ಸಿನ ಪೌರನಾಗಿ ಅಲ್ಲಿಯ ಸೈನ್ಯ ಸೇರಿದ್ದ. ಮಗ ಪ್ಯಾರಿಸ್ಸಿನ ಹೊರಗಿನ ಒಂದು ಬಡಾವಣೆಯಲ್ಲಿ ಹುಟ್ಟಿ ಬೆಳೆದವನು, ಅಲ್ಲಿಯೇ ಬಸ್ಸಿನ ಡ್ರೈವರ್. ಅತ್ತೆಯನ್ನು ಕರೆದುಕೊಂಡು ಹೋಗಲು ಬಂದಿದ್ದ.

ಅವನ ಫ್ರೆಂಚ್ ಕೇಳಿ ನಾನು ಕಂಗಾಲಾದೆ. ನಡುನಡುವೆ ಅರಬ್ಬಿ ಪದಗಳು. ಎಷ್ಟೋ ಪದಗಳನ್ನು ಬೇಕೆಂದೇ ಹಿಂದುಮುಂದು ಮಾಡಿ ಆಡುತ್ತಿದ್ದ. ಅವರ ಬಡಾವಣೆಯ ಹುಡುಗರೆಲ್ಲ ಹಾಗೆಯೇ ಆಡುತ್ತಾರಂತೆ, ಪೊಲೀಸರಿಗೆ ತಿಳಿಯದಿರಲೆಂದು ಶುರುವಾದದ್ದಂತೆ. ನಮ್ಮ ಹುಡುಗಿಯರಿಗೆ ಅದು ಬಹಳ ಹಿಡಿಸಿತು. ಅವರು ಅವನಿಗೆ, ಪ್ರತಿ ಅಕ್ಷರದ ಮುಂದೆ 'ಕ' ಸೇರಿಸಿ ಆಡುವ ತಮ್ಮ 'ಕ-ಭಾಷೆ' ಕಲಿಸಿದರು. "ಕನೀ ಕಯಾ ಕರು?" ಎಂದು ಆತ ಓಣಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತ ತಿರುಗಿದ.

ಒಂದು ಸಂಜೆ ಕಟ್ಟೆಯ ಮೇಲೆ ಕೂತು ತನ್ನ ಬಡಾವಣೆಯ ವಿಷಯ ಹೇಳಿದ. ನಾನು ಎಲ್ಲರಿಗೂ ಕನ್ನಡದಲ್ಲಿ ಹೇಳುತ್ತಿದ್ದೆ. ಎತ್ತರದ ಕಟ್ಟಡ. ಅವನ ಕೆಳಗಿನ ಮನೆಯವರು ಅಲ್ಜೀರಿಯದವರು, ಮೇಲಿನವರು ಮಾಲಿ ದೇಶದವರು, ಎದುರಿಗೆ ವಿಯೆಟ್ನಾಮಿನ ಮುದುಕಿ. ಎಲ್ಲರ ಮನೆಯೊಳಗೆ ಒಂದೊಂದು ಭಾಷೆ, ಮೆಟ್ಟಿಲ ಮೇಲೆ ಫ್ರೆಂಚ್.

"ಅಂದ್ರ ಅಲ್ಲೂ ಒಂದು ಕಿಚಡಿ ಓಣಿ ಐತಿ ಅನ್ನು" ಎಂದರು ಚಾಚಾ. ಆಗ ಅವರಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿಯೇ ಇತ್ತು.

ಅವನು ನಗಲಿಲ್ಲ. ಡ್ರೈವರ್ ಕೆಲಸಕ್ಕೆ ಮೊದಲು ಎಷ್ಟೋ ಕಡೆ ನೌಕರಿ ಕೇಳಲು ಹೋಗಿದ್ದನಂತೆ. ವಿಳಾಸ ನೋಡಿದ ಕೂಡಲೇ ಅವರ ಮುಖ ಬದಲಾಗುತ್ತಿತ್ತಂತೆ, ಬಾಯಿ ತೆರೆದ ಮೇಲೆ ಇನ್ನಷ್ಟು. ಎಲ್ಲಿಂದ ಬಂದೆ ಎಂದು ಕೇಳುತ್ತಿದ್ದರಂತೆ.

"ನಾನು ಅಲ್ಲೇ ಹುಟ್ಟಿದವನು" ಎಂದ. "ಆ ಭಾಷೆ ಬಿಟ್ಟು ನನಗೆ ಇನ್ನೊಂದು ಸರಿಯಾಗಿ ಬರುವುದಿಲ್ಲ. ಆದರೂ ಅದು ನನ್ನದಲ್ಲ ಎನ್ನುತ್ತಾರೆ. ಹಾಗಿದ್ದರೆ ನನ್ನದು ಯಾವುದು, ಅವರೇ ಹೇಳಲಿ."

ಕಾಕು ಅವನ ತಲೆಯ ಮೇಲೆ ಕೈಯಿಟ್ಟಳು. ಫ್ರೆಂಚಿನಲ್ಲಿ, ಬಹಳ ಮೆಲ್ಲಗೆ, ಬೇಡಬೇಡ ಎಂದಳು. ಅವರು ಹೇಳಲಿ ಎಂದು ಕಾಯಬೇಡ. ಕಾಯುವವರಿಗೆ ಅವರು ಯಾವತ್ತೂ ಹೇಳುವುದಿಲ್ಲ.

ಅವನ ಜೊತೆ ಹೋಗಲು ಮಾತ್ರ ಅವಳು ಒಪ್ಪಲಿಲ್ಲ. ಅಲ್ಲಿ ಒಳ್ಳೆಯ ದವಾಖಾನೆಯಿದೆ, ವಯಸ್ಸಾದವರನ್ನು ಸರಕಾರ ನೋಡಿಕೊಳ್ಳುತ್ತದೆ ಎಂದೆಲ್ಲ ಅವನು ಹೇಳಿದ. ಒಂದು ದಿನ ಸಿಟ್ಟು ಮಾಡಿ ಉಣ್ಣಲಿಲ್ಲ. ನಾನೂ, ಅವಳು ಹೋಗಲಿ ಎಂದು ಒಂದು ಮಾತು ಅಂದೆ.

"ಫ್ರೆಂಚ್ ಮಾತಾಡಾಕ ಅಷ್ಟು ದೂರ ಹೋಗಬೇಕೇನು?" ಎಂದಳು ನನಗೆ. "ಇಲ್ಲೇ ಮಾತಾಡಾಕತ್ತೇನಲ್ಲ. ಒಂದೂರಿಂದ ಇನ್ನೊಂದೂರಿಗೆ ಹಡಗು ಹತ್ತಿಸಿದ್ದು ಸಾಕಾತು. ಈ ಸಲ ಎಲ್ಲಿರಬೇಕಂತ ನಾ ಹೇಳ್ತೇನಿ."

ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಬಸ್ಸಿಗೆ ಹತ್ತಿಸಿದೆವು. ಕಿಟಕಿಯಿಂದ ತಲೆ ಹೊರಗೆ ಹಾಕಿ 'ಕ-ಭಾಷೆ'ಯಲ್ಲಿ ಏನೋ ಕೂಗಿದ. ಬಸ್ಸಿನ ಸದ್ದಿನಲ್ಲಿ ತಿಳಿಯಲಿಲ್ಲ. ಕಾಕು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಅತ್ತು ಮುಗಿಸಿ ಸಂಜೆ ಪಾಠಕ್ಕೆ ಬಂದು ಕೂತಳು.

ಅದಾದ ಕೆಲವು ವರ್ಷಗಳಿಗೆ ನಮ್ಮ ಸುತ್ತಲಿನ ಊರೊಂದರಲ್ಲಿ ಹೊಸ ಇಂಗ್ಲಿಷ್ ಸಾಲಿ ತೆರೆದರು. ಅಲ್ಲಿ ಫ್ರೆಂಚ್ ಇಡುತ್ತಾರೆಂದು ನನ್ನನ್ನು ಕರೆಸಿದರು. ಕಮಿಟಿಯ ಹಿರಿಯರು ಮರ್ಯಾದೆಯಿಂದಲೇ ಮಾತಾಡಿಸಿದರು, ಚಹಾ ಕೊಟ್ಟರು. ಒಂದು ಪಾಠ ಮಾಡಿ ತೋರಿಸಲು ಹೇಳಿದರು. ಮಾಡಿದೆ.

"ಮೇಡಮ್ಮಾರ, ಎಲ್ಲಾ ಛಲೋ ಐತ್ರಿ" ಎಂದರು. "ಆದ್ರ ಉಚ್ಚಾರ ಅಷ್ಟ ಸ್ವಲ್ಪ... ಪ್ಯಾರಿಸಿನ ಕ್ಯಾಸೆಟ್ ತರಸೇವ್ರಿ. ಓದಿ ಹೇಳೂದು ಕ್ಯಾಸೆಟ್ ಹೇಳ್ತೈತಿ. ನೀವು ವ್ಯಾಕರಣ ಅಷ್ಟ ಬೋರ್ಡಿನ ಮ್ಯಾಲೆ ಬರೀರಿ. ಹುಡುಗರ ಮುಂದ ಬಾಯಿ ಬಿಟ್ಟು ಓದಬ್ಯಾಡ್ರಿ."

"ಕ್ಯಾಸೆಟ್ ಹಾಕೂಣ್ರಿ" ಎಂದೆ. "ಅದರ ಜೋಡಿ ಸೈಗಾನದ್ದು, ಅಲ್ಜೀರಿಯಾದ್ದು, ಸೆನೆಗಾಲದ್ದೂ ಹಾಕೂಣು. ಬನಹಟ್ಟೀದು ನಾ ಇದ್ದೇನಿ. ಎಲ್ಲಾ ಕೇಳ್ಲಿ ಹುಡುಗರು. ಬಾಯಿ ಮುಚ್ಚಿಕೊಂಡು ಭಾಷಾ ಕಲಸಾಕ ನನಗ ಬರಂಗಿಲ್ಲ."

ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ.

ಇದನ್ನು ಕೇಳಿದ ಕಾಕು, ತೆಲುಗು ಮಾತಿನ ಮನೆಯಿಂದ ಟೇಪ್ ರೆಕಾರ್ಡರ್ ಕಡ ತರಿಸಿದಳು. ಖಾಲಿ ಕ್ಯಾಸೆಟ್ ಹಾಕಿಸಿ, ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ಕೂತಳು. ಹಿತ್ತಲಿನ ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿದ್ದವು. ಸದ್ದಾಗುತ್ತದೆ, ನಿಲ್ಲಿಸಿ ಬರುತ್ತೇನೆ ಎಂದು ನಾನು ಎದ್ದೆ.

"ಕೂಡು. ಓಡ್ಲಿ" ಎಂದಳು. "ನಾ ಇರೂದು ಇಲ್ಲಿ. ಇಲ್ಲೀ ಸಪ್ಪಳಾನೂ ಕೇಳ್ಲಿ."

ಗುಂಡಿ ಒತ್ತಿದೆ. ಅವಳು ನಾಲಿಗೆಯ ತುದಿಯಲ್ಲಿ 'ರ' ಹೊರಳಿಸುತ್ತ, ತನ್ನ ಹೆಸರಿನಿಂದ ಶುರುಮಾಡಿ, ಕ್ಯಾಸೆಟ್ಟಿನ ಎರಡೂ ಬದಿ ಮುಗಿಯುವ ತನಕ ಮಾತಾಡಿದಳು. ನನ್ನ ಹುಡುಗಿಯರು ಆಮೇಲೆ ಫ್ರೆಂಚ್ ಕಲಿತದ್ದು ಅದನ್ನು ಕೇಳಿಯೇ. ಅವರಲ್ಲಿ ಯಾರೂ ತಪ್ಪು ಮಾಡಿದವರ ದನಿಯಲ್ಲಿ ಆ ಭಾಷೆ ಆಡಲಿಲ್ಲ.